ಭೀಮಾ ಹೊಳೆಯ ಆಚೆಗಿನ ಊರು

ಅಕ್ಕೋರ ಎಡಗೈಯ ಕೊನೆಯ ಎರಡು ಬೆರಳು ಮಡಚುತ್ತಿರಲಿಲ್ಲ. ಪುಸ್ತಕ ಹಿಡಿದರೆ ಅವು ಬೇರೆ ಯಾರದೋ ಬೆರಳೆಂಬಂತೆ ನೆಟ್ಟಗೆ ನಿಲ್ಲುತ್ತಿದ್ದವು. ಅವು ಹಾಗಾದ ಮಧ್ಯಾಹ್ನ ನನಗೂ ಅವರಿಗೂ ನಡುವೆ ಒಂದು ಬಾಗಿಲು ಮಾತ್ರ ಇತ್ತು.

ಆಗ ನಾನು ಇಂಡಿಯಲ್ಲಿ ಬಿ.ಎ. ಓದುತ್ತ ಅವರ ಮನೆಯ ಒಂದು ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು, ಓಣಿಗೆಲ್ಲ ಅಕ್ಕೋರು. ಸೊಲ್ಲಾಪುರಕ್ಕೆ ಹೋದಾಗಲೆಲ್ಲ ರದ್ದಿ ಅಂಗಡಿಯಲ್ಲಿ ಕೂತು ಹಳೆಯ ಕಾದಂಬರಿ ಆರಿಸಿ ತರುವರು. ನೂರು ವರ್ಷದ ಹಿಂದೆ ಹೆಂಗಸರು ಬರೆದ ಕಲ್ಪನೆಯ ಕಥೆಗಳೆಂದರೆ ಅವರಿಗೆ ಹುಚ್ಚು: ಹೆಂಗಸರೇ ಆಳುವ ರಾಜ್ಯ, ಗಾಳಿಯಲ್ಲಿ ತೇಲುವ ಬಂಡಿ, ಚಂದ್ರನ ಮೇಲಿನ ಶಾಲೆ. "ಇದನ್ನ ಬರದಾಕಿಗೆ ಓಟು ಹಾಕೋ ಹಕ್ಕ ಇರಲಿಲ್ಲ. ಚಂದ್ರನ ಮ್ಯಾಲ ಮಾತ್ರ ಕಾರಭಾರ ಮಾಡಾಕತ್ತಾಳ ನೋಡವಾ," ಎಂದು ನಗುವರು.

ಬೇಸಿಗೆಯಲ್ಲಿ ಓಣಿಯ ಹೆಂಗಸರು ದಿನಕ್ಕೊಂದು ಮನೆಯಂತೆ ಸೇರಿ ಶಾವಿಗೆ ಮಾಡುತ್ತಿದ್ದರು. ಅಕ್ಕೋರ ಕೈಯಲ್ಲಿ ಎಳೆ ಹರಿಯುತ್ತಿತ್ತು. "ನೀವು ಕೈ ಹಚ್ಚಬ್ಯಾಡ್ರಿ ಅಕ್ಕೋರ, ಕಥಿ ಹೇಳ್ರಿ. ನಮ್ಮ ಶಾವಿಗಿ ಉಳೀಲಿ," ಎಂದು ಅವರನ್ನು ಪಕ್ಕಕ್ಕೆ ಕೂರಿಸುತ್ತಿದ್ದರು. ಹೇಳುವಾಗ ಅವರು ಪರದೇಶದ ಹೆಸರುಗಳನ್ನೆಲ್ಲ ಕಿತ್ತು ನಮ್ಮ ಸೀಮೆಯ ಹೆಸರು ಇಡುವರು. ಆ ವರ್ಷದ ಕಥೆಯ ಊರು ಝಳಕಿಯ ಆಚೆ, ಭೀಮಾ ಹೊಳೆ ದಾಟಿದರೆ ಸಿಗುತ್ತಿತ್ತು. ಅಲ್ಲಿ ಹೆಂಗಸರೇ ಎಲ್ಲ. ಬಾಗಿಲುಗಳಿಗೆ ಒಳಗೆ ಮಾತ್ರ ಚಿಲಕ. ಹೊರಗಿನಿಂದ ಯಾರೂ ಯಾರನ್ನೂ ಕೂಡಿಹಾಕುವಂತಿಲ್ಲ.

ಅದನ್ನು ಕೇಳಿ ಎದುರುಮನೆಯ ಸೊಸೆ ಹಿಟ್ಟಿನ ಕೈಯನ್ನು ಹಾಗೇ ನಿಲ್ಲಿಸಿದಳು. ಗಂಡ ಸಿಟ್ಟಾದಾಗಲೆಲ್ಲ ಅವಳನ್ನು ಒಳಗೆ ದೂಡಿ, ಹೊರಗಿನಿಂದ ಕೊಂಡಿ ಹಾಕಿ ಹೊಲಕ್ಕೆ ಹೋಗುತ್ತಿದ್ದ.

"ಅಲ್ಲಿಗೆ ಬಸ್ ಐತೇನ್ರಿ?" ಅಂದಳು.

ಎಲ್ಲರೂ ನಕ್ಕರು. ಅಕ್ಕೋರೂ ನಕ್ಕು, "ಝಳಕಿಗೆ ಹೋಗಿ ಕೇಳವಾ," ಅಂದರು.

ಅವಳು ನಿಜಕ್ಕೂ ಹೋದಳು. ಝಳಕಿಯ ರಸ್ತೆ ಬದಿಯ ಹೋಟೆಲಿನಲ್ಲಿ, ಬಟ್ಟೆಗಂಟು ಹಿಡಿದು, ಹೆಂಗಸರ ಊರಿಗೆ ಬಸ್ಸು ಯಾವಾಗ ಎಂದು ವಿಚಾರಿಸುತ್ತಿದ್ದವಳನ್ನು ಗಂಡನ ಪರಿಚಯದವರು ಹಿಡಿದು ತಂದರು. ಸಂಜೆ ಓಣಿಗೆಲ್ಲ ಏಟಿನ ಸದ್ದು ಕೇಳಿಸಿತು.

ಮರುದಿನ ನಮ್ಮ ಮನೆಯ ಸರದಿ. ಅಂಗಳದ ಕೋಲುಗಳ ಮೇಲೆ ಶಾವಿಗೆ ಜೋತಾಡುತ್ತಿತ್ತು. ಮಗ ಹಾಕಿಹೋದ ಕೊಂಡಿಯನ್ನು ತಾನೇ ತೆಗೆದು, ಅತ್ತೆ ಸೊಸೆಯನ್ನು ಕರೆತಂದಳು. ಸೊಸೆಯ ಒಂದು ಕಣ್ಣು ಮುಚ್ಚಿಹೋಗಿತ್ತು.

"ಹಂತಾ ಊರಿಲ್ಲವಾ, ಅದು ಕಥಿ," ಎಂದರು ಅಕ್ಕೋರು.

"ಗೊತ್ತಿತ್ರಿ ಅಕ್ಕೋರ. ಇದ್ರೂ ಇದ್ದೀತು ಅಂತ ಕೇಳಿ ನೋಡಿದ್ನಿ."

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಅವಳ ಗಂಡನ ಕೂಗು. ಕೈಯಲ್ಲಿ ಕೊಡಲಿ. ಅಕ್ಕೋರು ನಮ್ಮಿಬ್ಬರನ್ನೂ ಅಂಗಳಕ್ಕೆ ತೆರೆಯುವ ನನ್ನ ಕೋಣೆಯೊಳಗೆ ದೂಡಿದರು. "ಚಿಲಕಾ ಹಾಕ್ಕೋರಿ. ನಾ ಹೇಳೂತನಕ ತಗೀಬ್ಯಾಡ್ರಿ."

ಹಾಕಿದೆ. ಬಾಗಿಲ ಸಂದಿಯಲ್ಲಿ ಅವರ ಹಸಿರು ಸೀರೆಯ ಒಂದು ಗೆರೆ ಮಾತ್ರ ಕಾಣುತ್ತಿತ್ತು.

"ಸರಿ ಆಕಡೆ! ನನ್ನ ಹೇಣ್ತಿ ತಲಿ ಕೆಡಿಸಿದಾಕಿ ನೀನ!"

"ತಲಿ ಕೆಟ್ಟದ್ದು ನಿಂದು. ಕೊಡ್ಲಿ ಕೆಳಗ ಇಡು."

ಕೊಡಲಿ ಮೊದಲು ಚೌಕಟ್ಟಿಗೆ ಬಿತ್ತು. ಗೋಡೆಯ ಮಣ್ಣು ನಮ್ಮ ತಲೆಯ ಮೇಲೆ ಉದುರಿತು. ಆಮೇಲೆ ಹಲಗೆಗೆ. ಅದರ ನಂತರದ ಏಟಿನ ಸದ್ದೇ ಬೇರೆ, ಮೆತ್ತಗಿತ್ತು. ಹಸಿರು ಗೆರೆ ಕೆಳಗೆ ಜಾರಿತು, ಬಾಗಿಲು ಬಿಟ್ಟು ಮಾತ್ರ ಸರಿಯಲಿಲ್ಲ. ಸೊಸೆ ಚಿಲಕಕ್ಕೆ ಕೈ ಹಾಕಿದಳು. "ನಾ ಹೊರಗ ಹೋಗ್ತೇನಿ, ಅವರನ್ನ ಕೊಲ್ತಾನ!" ನಾನು ಅವಳ ಕೈ ಹಿಡಿದುಕೊಂಡೆ. ಹೊರಗಿನಿಂದ ಅಕ್ಕೋರು ಕೂಗಿದರು: "ತಗೀಬ್ಯಾಡ!"

ಮತ್ತೊಂದು ಏಟು. ಈ ಸಲ ಚೀರಿದ್ದು ಗಂಡಸು. ಬಾಗಿಲು ತೆಗೆದಾಗ ಅವನು ಮೊಣಕಾಲು ಹಿಡಿದು ಉರುಳಾಡುತ್ತಿದ್ದ. ಅವನ ತಾಯಿ ಒನಕೆಯನ್ನು ಮತ್ತೆ ಎತ್ತಿದ್ದಳು; ಹೆಂಗಸರು ಅವಳನ್ನು ತಡೆಯುತ್ತಿದ್ದರೋ, ಅವನನ್ನು ಅದುಮಿ ಹಿಡಿದಿದ್ದರೋ ತಿಳಿಯಲಿಲ್ಲ. ಬಿಳಿ ಶಾವಿಗೆಯ ತುದಿಗಳಿಂದ ರಕ್ತ ತೊಟ್ಟಿಕ್ಕುತ್ತಿತ್ತು.

ಪೊಲೀಸರು ಅವನನ್ನು ಒಯ್ದರು. ಸೊಸೆ ಹೂವಿನ ಹಿಪ್ಪರಗಿಯ ತವರಿಗೆ ಹೋದಳು; ಅತ್ತೆಯೂ ಅವಳ ಬೆನ್ನಿಗೇ ಹೋದಳು. ಆಸ್ಪತ್ರೆಯಲ್ಲಿ ಅಕ್ಕೋರು ಕಟ್ಟಿದ ಕೈ ನೋಡಿಕೊಳ್ಳುತ್ತ, "ಪುಸ್ತಕದಾಗಿನವರು ಮಾತಿನಿಂದ ಗೆದ್ದಾರ. ನಮ್ಮ ಮಂದಿಗೆ ಅಷ್ಟು ಪುರಸೊತ್ತೆಲ್ಲೈತಿ?" ಎಂದರು. ಕಥೆ ಹೇಳುವುದನ್ನು ಅವರು ಬಿಡಲಿಲ್ಲ. ಆ ಒಂದು ಕಥೆಯನ್ನು ಮಾತ್ರ ಮುಂದುವರಿಸಲಾರದೆ ಪುಸ್ತಕವನ್ನು ನನಗೆ ಕೊಟ್ಟುಬಿಟ್ಟರು.

ಕೆಲವು ವರ್ಷಗಳ ನಂತರ ಎದೆನೋವು ಅವರನ್ನು ಒಯ್ದಿತು. ಮಣ್ಣು ಮುಗಿಸಿ ಬಂದು ಅದೇ ಅಂಗಳದಲ್ಲಿ ಕೂತಿದ್ದೆ. ಹಿಪ್ಪರಗಿಯಿಂದ ಬಂದಿದ್ದ ಸೊಸೆ ಪಕ್ಕದಲ್ಲಿ ಬಂದು ಕೂತಳು. ಚೌಕಟ್ಟಿನ ಮೇಲಿನ ಕಚ್ಚು ಹಾಗೇ ಇತ್ತು.

"ಆ ಊರಿನ ಕಥಿ ಅರ್ಧಕ್ಕ ನಿಂತೈತ್ರಿ," ಅಂದಳು. "ಮುಂದ ಏನಾತು?"

ಯಾರಾದರೂ ಕಟ್ಟಿಗೆ ಒಡೆದರೆ ಇಂದಿಗೂ ನನ್ನ ಕೈ ಚಿಲಕ ಹುಡುಕುತ್ತದೆ. ಆದರೂ ಅವತ್ತು ಅಕ್ಕೋರಂತೆಯೇ ಶುರುಮಾಡಿದೆ: "ಝಳಕಿ ದಾಟಿ, ಭೀಮಾ ಹೊಳಿ ದಾಟಿದ್ರ..."

ಅವಳು ನನ್ನ ಕೈ ಮೇಲೆ ಕೈ ಇಟ್ಟು ತಡೆದಳು.

"ಬಾಗಲದಿಂದ ಮುಂದ ಹೇಳ್ರಿ. ಅಲ್ಲೀತನಕ ನಂಗ ಗೊತ್ತೈತಿ."