ಹಾಜರಿ ಫೋಟೋ

ನಮ್ಮ ಪಶು ಆಸ್ಪತ್ರೆಯ ಬೋರ್ಡಿನ ಕೆಳಗೆ ದಿನಾ ಬೆಳಿಗ್ಗೆ ಒಬ್ಬಳು ಹೆಂಗಸು ಫೋನನ್ನು ಮುಖದ ಮುಂದೆ ಚಾಚಿ ಹಿಡಿದು ನಿಲ್ಲುತ್ತಿದ್ದಳು. ರಸ್ತೆಯಲ್ಲಿ ಹೋಗುವವರು ಇದೆಂಥ ಶೋಕಿ ಅಂದುಕೊಂಡಿರಬೇಕು. ಶೋಕಿಯಲ್ಲ ಸ್ವಾಮಿ, ಅದು ಅವಳ ಹಾಜರಿ. ಅವಳು ಹೊರಗುತ್ತಿಗೆಯವಳು. ಇಲಾಖೆಗೆ ಆಳು ಒದಗಿಸುವ ಏಜೆನ್ಸಿಯವರ ವಾಟ್ಸ್ಯಾಪ್ ಗ್ರೂಪಿಗೆ, ಹಿಂದೆ ಆಸ್ಪತ್ರೆಯ ಹೆಸರು ಕಾಣುವ ಹಾಗೆ, ತನ್ನ ಫೋಟೋ ಕಳಿಸಿದರೆ ಅವತ್ತು ಕೆಲಸಕ್ಕೆ ಬಂದ ಲೆಕ್ಕ. ಬೋರ್ಡಿನ ಒಂದಕ್ಷರ ತಲೆಯ ಹಿಂದೆ ಮರೆಯಾದರೂ ಅವರ ಸೂಪರ್‌ವೈಸರ್ ಫೋನ್ ಮಾಡಿ ಇನ್ನೊಂದು ತೆಗೆಸುತ್ತಿದ್ದ.

ನಾನು ಅದೇ ಆಸ್ಪತ್ರೆಯಲ್ಲಿ ಪರೀಕ್ಷಕ. ಅಂದರೆ ಡಾಕ್ಟರಿಗೆ ಕೆಳಗಿನವನು, ಇಂಜೆಕ್ಷನ್ನು, ಲಸಿಕೆ, ಗಾಯಕ್ಕೆ ಕಟ್ಟು ಎಲ್ಲಾ ನನ್ನ ಪಾಲು. ನಮ್ಮದು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ನಾಲೆ ಏರಿಯ ಮೇಲೆ ನಡೆದು ತಲುಪುವ ಎರಡು ಕೋಣೆಯ ಆಸ್ಪತ್ರೆ. ಡಾಕ್ಟರು ಇದ್ದಾರೆ, ಇಲ್ಲ ಅನ್ನುವ ಹಾಗಿಲ್ಲ. ಆದರೆ ಅವರಿಗೆ ಮಳವಳ್ಳಿ ಕಡೆಯ ಇನ್ನೆರಡು ಆಸ್ಪತ್ರೆಗಳ ಪ್ರಭಾರ. ಇಲ್ಲಿಗೆ ಬಂದರೆ ಅಲ್ಲಿನವರು ಬೈಯುತ್ತಾರೆ, ಅಲ್ಲಿಗೆ ಹೋದರೆ ಇಲ್ಲಿನವರು ಬೈಯುತ್ತಾರೆ, ಪಾಪ ಆ ಮನುಷ್ಯ ಎಲ್ಲಾ ಕಡೆಯೂ ಬೈಸಿಕೊಳ್ಳುತ್ತಲೇ ಸ್ಕೂಟರಿನಲ್ಲಿ ಓಡಾಡುತ್ತಾರೆ. ಹಿಂದೆ ಡಿ ದರ್ಜೆಯ ಇಬ್ಬರಿದ್ದರು. ಒಬ್ಬರು ನಿವೃತ್ತರಾದರು, ಇನ್ನೊಬ್ಬರು ತೀರಿಕೊಂಡರು. ಆ ಹುದ್ದೆಗಳಿಗೆ ಸರ್ಕಾರ ಯಾರನ್ನೂ ನೇಮಿಸಲಿಲ್ಲ. ಇಬ್ಬರ ಕೆಲಸಕ್ಕೂ ಏಜೆನ್ಸಿಯಿಂದ ಬಂದವಳು ಇವಳೊಬ್ಬಳೇ.

ಬಾಗಿಲು ತೆಗೆಯುವುದು, ಸಗಣಿ ಬಾಚುವುದು, ಸಿರಿಂಜು ಕುದಿಸುವುದು, ಫ್ರಿಜ್ಜಿನಲ್ಲಿ ಲಸಿಕೆ ಕೆಡದ ಹಾಗೆ ನೋಡಿಕೊಳ್ಳುವುದು, ಕರೆಂಟು ಹೋದರೆ ಐಸು ತರಲು ಓಡುವುದು, ಎಲ್ಲಾ ಅವಳೇ. ಎಂಥ ಒದೆಯುವ ಹಸುವಾದರೂ ಅವಳು ಕಂಬಿಯ ಚೌಕಟ್ಟಿನೊಳಗೆ ನಿಲ್ಲಿಸಿ ಅದರ ಕೊರಳ ಕೆಳಗಿನ ಗಂಗೆದೊಗಲು ತುರಿಸುತ್ತಾ ನಿಂತರೆ ನಾನು ಹಿಂದಿನಿಂದ ನನ್ನ ಕೆಲಸ ಮುಗಿಸುತ್ತಿದ್ದೆ. ನಾನು ಸಿಡುಕ ಅಂತ ಸುತ್ತಲ ಹಳ್ಳಿಗಳಿಗೆಲ್ಲಾ ಗೊತ್ತು. ಒಂದು ಸಲ ಸೂಜಿ ಎಲ್ಲಿಟ್ಟೆ ಅಂತ ಕೂಗಾಡಿದಾಗ ಅವಳು, "ಅಸೂಗಿಂತ ನಿಮ್ಮನ್ನ ಕಟ್ಟಾಕೋದೇ ಕಷ್ಟ ಕಣ್ ಸಾ" ಅಂದಿದ್ದಳು. ಬಂದಿದ್ದ ರೈತರೆಲ್ಲಾ ನಕ್ಕರು, ನನಗೂ ನಗು ತಡೆಯಲಿಲ್ಲ.

ಅವಳ ಗಂಡ ತೀರಿಕೊಂಡಿದ್ದ. ಒಬ್ಬಳೇ ಮಗಳು, ಮದ್ದೂರಿನಲ್ಲಿ ಡಿಗ್ರಿ ಓದುತ್ತಿದ್ದಳು, ಕೊನೆಯ ವರ್ಷ. ಬೆಳಗಿನ ಬಸ್ಸು ಹತ್ತುವ ಮೊದಲು ಬಂದು ಅಮ್ಮನ ಕೈಗೆ ಮನೆಯ ಬೀಗದ ಕೈ ಕೊಟ್ಟು ಹೋಗುತ್ತಿದ್ದಳು. ಬಸ್ಸು ಮರೆಯಾಗುವವರೆಗೂ ಇವಳು ನೋಡುತ್ತಿದ್ದಳು. "ಅವ್ಳೊಬ್ಳು ಕುರ್ಚಿ ಮೇಲೆ ಕೂತ್ಕಂಡು ಕೆಲ್ಸ ಮಾಡದ್ ನೋಡ್ಬುಟ್ರೆ ಸಾಕು ಸಾ, ಆಮೇಲೆ ಈ ಸಗಣಿ ನಾನ್ ಸಾಯೋಗಂಟ ಬಾಚ್ತೀನಿ" ಅನ್ನುತ್ತಿದ್ದಳು. ಈ ಕೆಲಸ ಇದ್ದರೆ ಆ ಓದು. ಇಷ್ಟೇ ಅವಳ ಬದುಕಿನ ಲೆಕ್ಕ.

ನಾನು ನೌಕರರ ಸಂಘದ ತಾಲ್ಲೂಕು ಪದಾಧಿಕಾರಿ ಬೇರೆ. ಖಾಲಿ ಹುದ್ದೆ ಭರ್ತಿ ಮಾಡಿ ಅಂತ ಕೂಗಿ ಕೂಗಿ ಗಂಟಲು ಹೋಗಿರುವವನು. ಆ ಸಲ ಮಂಡ್ಯದಲ್ಲಿ ಸಭೆ ಸೇರಿ, ಒಂದು ವಾರ ಎಲ್ಲರೂ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಕೆಲಸ ಮಾಡೋಣ ಅಂತ ತೀರ್ಮಾನವಾಯಿತು. ಮೊದಲನೇ ಬೇಡಿಕೆಯೇ ಖಾಲಿ ಹುದ್ದೆ. ಬೆಳಿಗ್ಗೆ ಆಸ್ಪತ್ರೆಗೆ ಬಂದು ನೋಡಿದರೆ ಕಪ್ಪು ಬಟ್ಟೆ ತರುವುದೇ ಮರೆತಿದ್ದೆ. ಅವಳು ಮೂಲೆಯಲ್ಲಿ ಬಿದ್ದಿದ್ದ ನನ್ನ ಮುರುಕಲು ಕೊಡೆ ತಂದು, ಅದರ ಬಟ್ಟೆ ಕತ್ತರಿಸಿ ನನಗೊಂದು, ಡಾಕ್ಟರಿಗೊಂದು ಪಟ್ಟಿ ಮಾಡಿದಳು. ಯಾಕೆ ಕಟ್ಟಿಕೊಳ್ಳುವುದು ಅಂತ ಕೇಳಿದಳು. ಹೇಳಿದೆ.

"ಅಂಗಾರೆ ಈ ಡಿ ದರ್ಜೆ ಖಾಲಿ ಅದೆ ಅಂತೀರಲ್ಲ, ಅದು ನಾನ್ ಮಾಡೋ ಕೆಲ್ಸವೇ ಅಲ್ವಾ?"

"ಅದೇ ಕಣಮ್ಮ."

"ಮತ್ತೆ ನಾನೂ ಒಂದ್ ಕಟ್ಕತೀನಿ ಬುಡಿ. ನಮ್ ಆಸ್ಪತ್ರೇದೇ ತಾನೇ."

ಹಲ್ಲಲ್ಲಿ ಒಂದು ತುದಿ ಕಚ್ಚಿಕೊಂಡು ತಾನೇ ಗಂಟು ಹಾಕಿಕೊಂಡಳು. ಅವಳಿಗೆ ಅದರಲ್ಲಿ ಒಂದು ಸಡಗರ. ನಾವು ಏನಾದರೂ ಮಾಡುವಾಗ ಅವಳನ್ನೂ ಸೇರಿಸಿಕೊಂಡಿದ್ದು ಅದೇ ಮೊದಲು ಅನ್ನಿಸುತ್ತದೆ, ಅದೂ ಅವಳೇ ಸೇರಿಕೊಂಡಿದ್ದು. ಆಮೇಲೆ ಎಂದಿನ ಹಾಗೆ ಹೊರಗೆ ಹೋಗಿ ಬೋರ್ಡಿನ ಕೆಳಗೆ ನಿಂತು ಹಾಜರಿ ಫೋಟೋ ತೆಗೆದು ಕಳಿಸಿದಳು. ಬೋರ್ಡಿನ ಅಕ್ಷರವೆಲ್ಲಾ ಚೆನ್ನಾಗಿ ಬಂದಿತ್ತು. ತೋಳಿನ ಪಟ್ಟಿಯೂ ಚೆನ್ನಾಗಿಯೇ ಬಂದಿತ್ತು.

ಮಾರನೇ ದಿನ ನಾನು ಬಸ್ಸಿಳಿದಾಗ ಅವಳು ನಾಲೆ ಏರಿಯ ಮೇಲೆ ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದು ಆಚೆ ಈಚೆ ಓಡಾಡುತ್ತಿದ್ದಳು.

"ಸಾ, ಒಸಿ ನೋಡಿ. ಫೋಟೋ ಓಯ್ತಾನೇ ಇಲ್ಲ. ನೆಟ್‌ವರ್ಕ್ ಇಲ್ವೇನೋ. ತಡ ಆದ್ರೆ ಆಬ್ಸೆಂಟ್ ಆಕ್ಬುಡ್ತಾರೆ."

ಫೋನ್ ಇಸಿದುಕೊಂಡು ನೋಡಿದೆ. ನೆಟ್‌ವರ್ಕ್ ಬೇಕಾದಷ್ಟಿತ್ತು. ಅವಳನ್ನು ಆ ಗ್ರೂಪಿನಿಂದ ತೆಗೆದುಹಾಕಿದ್ದರು. ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು, ನೀವಿನ್ನು ಈ ಗ್ರೂಪಿನಲ್ಲಿಲ್ಲ ಅಂತ. ಅಷ್ಟೇ. ಒಂದು ಆದೇಶವಿಲ್ಲ, ಒಂದು ನೋಟಿಸಿಲ್ಲ, ಕರೆದು ಯಾಕಮ್ಮಾ ಅಂತ ಕೇಳಿದ್ದಿಲ್ಲ. ಆ ಸಾಲನ್ನು ಇನ್ನೊಮ್ಮೆ ಓದಿದೆ. ಅವಳು ನನ್ನ ಮುಖವನ್ನೇ ನೋಡುತ್ತಾ, "ರೀಚಾರ್ಜ್ ಮಾಡುಸ್ಬೇಕಾ ಸಾ?" ಅಂದಳು.

ಸೂಪರ್‌ವೈಸರ್‌ಗೆ ಫೋನ್ ಮಾಡಿದೆ. "ಯೂನಿಯನ್ ಮಾಡೋರು ನಮಗೆ ಬ್ಯಾಡ ಸಾರ್. ಇಲಾಖೆಯೋರು ಕೇಳುದ್ರೆ ನಾವೇನ್ ಹೇಳ್ಬೇಕು?" ಅಂದ. ತುಂಡು ಬಟ್ಟೆಗೆ ಒಬ್ಬಳ ಅನ್ನ ಕಿತ್ತುಕೊಳ್ಳುತ್ತೀಯೇನಯ್ಯಾ ಅಂತ ಬಾಯಿಗೆ ಬಂದದ್ದೆಲ್ಲಾ ಬೈದೆ. ಅವನು ಸಮಾಧಾನವಾಗಿ ಕೇಳಿಸಿಕೊಂಡು, "ನೀವು ಪರ್ಮನೆಂಟು ಸಾರ್, ಬೈಬೋದು" ಅಂತ ಫೋನಿಟ್ಟ. ಆ ಮಾತು ನನ್ನ ಎದೆಯಲ್ಲಿ ಇವತ್ತಿಗೂ ಕೂತಿದೆ. ನನ್ನ ತೋಳಿನಲ್ಲೂ ಅದೇ ಕೊಡೆಯ ಬಟ್ಟೆಯಿತ್ತು. ನನಗೆ ಯಾರೂ ಏನೂ ಅನ್ನಲಿಲ್ಲ.

ರಜೆ ಹಾಕಿ ಮಂಡ್ಯಕ್ಕೆ ಹೋದೆ, ಅವಳನ್ನೂ ಕರೆದುಕೊಂಡು. ಇಲಾಖೆಯ ಕಚೇರಿಯಲ್ಲಿ ಸಾಹೇಬರು ಒಳ್ಳೆಯವರೇ, ಕೂರಿಸಿದರು, ಟೀ ತರಿಸಿದರು. "ಅವರು ನಮ್ಮ ನೌಕರರಲ್ಲವಲ್ಲ. ಏಜೆನ್ಸಿ ಯಾರನ್ನ ಇಟ್ಕೊಳ್ಳುತ್ತೆ, ಬಿಡುತ್ತೆ, ಅದು ನಮಗೆ ಸಂಬಂಧವಿಲ್ಲ" ಅಂದರು. ಹಾಗಾದರೆ ಇಷ್ಟು ವರ್ಷ ನಿಮ್ಮ ಆಸ್ಪತ್ರೆಯ ಸಗಣಿ ಬಾಚಿದ್ದು ಯಾರ ಸಂಬಂಧ ಸಾರ್ ಅಂದೆ. ಅವರಿಗೆ ಬೇಸರವಾಯಿತು. ಪಕ್ಕದಲ್ಲಿ ಅವಳು ಕುರ್ಚಿಯ ತುದಿಯಲ್ಲಿ ಕೂತು, ಟೀ ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡಿದ್ದಳು.

ಕಾರ್ಮಿಕ ಇಲಾಖೆಯ ಕಚೇರಿಗೂ ಹೋದೆವು. ಅಲ್ಲಿನವರು ನೇಮಕದ ಆದೇಶ ಕೊಡಿ ಅಂದರು. ಅಂಥದ್ದನ್ನು ಅವಳಿಗೆ ಯಾರೂ ಕೊಟ್ಟೇ ಇರಲಿಲ್ಲ. ಕೆಲಸ ಮಾಡಿದ್ದಕ್ಕೆ ಏನಾದರೂ ಗುರುತು ಇದೆಯಾ ಅಂದರು. ಅವಳು ಆಸೆಯಿಂದ ಫೋನ್ ತೆಗೆದು ತೋರಿಸಿದಳು. ನೂರಾರು ಫೋಟೋ, ಎಲ್ಲದರಲ್ಲೂ ಅವಳು, ಹಿಂದೆ ಆಸ್ಪತ್ರೆಯ ಬೋರ್ಡು. ಅವರು ಒಂದಷ್ಟು ಸರಿಸಿ ನೋಡಿ, "ಯಾರು ಬೇಕಾದ್ರೂ ಬೋರ್ಡ್ ಮುಂದೆ ನಿಂತ್ಕೋಬಹುದಮ್ಮ" ಅಂದರು.

ಕೊನೆಗೆ ನಮ್ಮ ಸಂಘ. ನಮ್ಮದೇ ಮನೆ, ಇಲ್ಲಿ ಆಗುತ್ತೆ ಬಾ ಅಂತ ಅವಳಿಗೆ ಧೈರ್ಯ ಹೇಳಿ ಹೊರಗೆ ಬೇವಿನ ಮರದ ಕೆಳಗೆ ಕೂರಿಸಿ ಒಳಗೆ ಹೋದೆ. ಅಧ್ಯಕ್ಷ ನನ್ನ ಹಳೆಯ ಸ್ನೇಹಿತ, ಕೆರಗೋಡಿನ ಕಡೆಯವನು, ಲೋ ಅಂದರೆ ಲೋ ಅನ್ನುವ ಸಲಿಗೆ.

"ಬೈಲಾದಲ್ಲಿ ಇಲ್ಲ ಕಣ್ಲಾ. ಕಾಯಂ ನೌಕರ್ರು ಮಾತ್ರ ಮೆಂಬರು. ಆಯಮ್ಮನ ಪರವಾಗಿ ಲೆಟರ್‌ಹೆಡ್ಡಲ್ಲಿ ಎಂಗ್ಲಾ ಬರ್ಕೊಡ್ಲಿ?"

"ಖಾಲಿ ಹುದ್ದೆ ಖಾಲಿ ಹುದ್ದೆ ಅಂತ ಬಾಯಿ ಬಡ್ಕೋತೀವಲ್ಲೋ, ಆ ಖಾಲೀಲಿ ಇದ್ದೋಳು ಅವಳೇ ಕಣೋ!"

"ಕೂಗ್ಬ್ಯಾಡ. ಒಳ್ಳೆ ಟೈಮಲ್ಲಿ ಬಂದೆ. ಸರ್ಕಾರದೋರು ಮಾತುಕತೆಗೆ ಕರ್ದವ್ರೆ. ಈಗ ಇದೊಂದ್ ಎತ್ಕೊಂಡೋದ್ರೆ ನಮ್ದೂ ಕೆಡ್ತದೆ."

ಅವನು ಕೆಟ್ಟವನಲ್ಲ. ಅದೇ ಕಷ್ಟ. ಆ ದಿನ ಒಬ್ಬನಾದರೂ ಕೆಟ್ಟವನು ಸಿಕ್ಕಿದ್ದರೆ ಕೊರಳಪಟ್ಟಿ ಹಿಡಿದು ಜಗ್ಗಾಡಬಹುದಿತ್ತು. ಎಲ್ಲರೂ ಅವರವರ ಮಟ್ಟಿಗೆ ಸರಿಯಾಗಿಯೇ ಮಾತಾಡಿದರು. ತೆಗೆದವನು ಯಾರು ಅಂತಲೂ ಗೊತ್ತಾಗಲಿಲ್ಲ, ಮತ್ತೆ ಸೇರಿಸಬೇಕಾದವನು ಯಾರು ಅಂತಲೂ ಗೊತ್ತಾಗಲಿಲ್ಲ. ಹೊರಗೆ ಬಂದಾಗ ಅವಳು ಎದ್ದು ನಿಂತು, ನನ್ನ ಮುಖ ನೋಡಿ, "ಓಗ್ಲಿ ಬುಡಿ ಸಾ, ನೀವೂ ಎಷ್ಟ್ ಅಂತ ಓಡಾಡ್ತೀರಿ" ಅಂತ ನನ್ನನ್ನೇ ಸಮಾಧಾನ ಮಾಡಿದಳು.

ಆಸ್ಪತ್ರೆಗೆ ಬದಲಿ ಯಾರೂ ಬರಲಿಲ್ಲ. ನಾನೇ ಬಾಗಿಲು ತೆಗೆದೆ, ನಾನೇ ಬಾಚಿದೆ. ಹಸು ಹೊಡೆದುಕೊಂಡು ಬಂದವರು ಒಳಗೆ ಇಣುಕಿ, "ಆಯಮ್ಮ ಎಲ್ಲಿ ಸಾ?" ಅಂತ ಮೊದಲು ಕೇಳುತ್ತಿದ್ದರು. ಒಬ್ಬನೇ ಹಗ್ಗ ಬಿಗಿಯಲು ಹೋಗಿ ಒಂದು ಮಿಶ್ರತಳಿ ಹಸು ನನ್ನ ಮಂಡಿಗೆ ಬಿಟ್ಟ ಒದೆಗೆ ಕುಂಟುತ್ತಾ ತಿರುಗಿದೆ. ಡಾಕ್ಟರು ಬದಲಿ ಬೇಕೆಂದು ಮೇಲಿನವರಿಗೆ ಫೋನ್ ಮಾಡಿ ಮಾಡಿ ಸಾಕಾಗಿ, ಕೈಮುಗಿದು ಸುಮ್ಮನಾದರು. ಅಷ್ಟರಲ್ಲಿ ಮಾತುಕತೆ ಮುಗಿದು, ನಮ್ಮ ಕೆಲವು ಬೇಡಿಕೆಗಳಿಗೆ ಒಪ್ಪಿಗೆಯಾಯಿತು. ಖಾಲಿ ಹುದ್ದೆಯ ವಿಷಯ ಪರಿಶೀಲಿಸುತ್ತೇವೆ ಅಂದರಂತೆ. ಸಂಘದಲ್ಲಿ ಮೈಸೂರುಪಾಕು ಹಂಚಿದರು. ನನ್ನ ಪಾಲಿನ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಬಸ್ಸು ಹತ್ತಿದೆ, ತಿನ್ನಲಾಗಲಿಲ್ಲ.

ಒಂದು ಸಂಜೆ ಅವಳು ಆಸ್ಪತ್ರೆಗೆ ಬಂದಳು. ಏಜೆನ್ಸಿಯವನು ಅವಳಿಗೇ ಫೋನ್ ಮಾಡಿದ್ದನಂತೆ. ಆ ಊರಿಗೆ ಯಾರೂ ಬರಲು ಒಪ್ಪುತ್ತಿಲ್ಲ, ನೀನಂತೂ ಬೇಡ, ಅಲ್ಲೇ ಯಾರಾದರೂ ಹೆಣ್ಣಾಳು ಇದ್ದರೆ ಹೇಳು ಅಂದನಂತೆ.

"ನನ್ ಮಗಳನ್ನೇ ಕಳುಸ್ತೀನಿ ಅಂದ್ಬುಟ್ಟೆ ಸಾ. ಊಂ ಅಂದವ್ರೆ."

"ಬುದ್ಧಿ ಇದೆಯೇನಮ್ಮ ನಿಂಗೆ! ಇನ್ನೇನು ಮುಗೀತು ಅನ್ನೋವಾಗ ಓದು ಬಿಡಿಸ್ತೀಯಾ?"

ಅವಳು ಕಂಬಿಗೆ ಸುತ್ತಿದ್ದ ಹಗ್ಗ ಬಿಚ್ಚಿ, ನಾನು ಅಡ್ಡಾದಿಡ್ಡಿ ಸುತ್ತಿದ್ದನ್ನು ಮತ್ತೆ ನೇರವಾಗಿ ಸುತ್ತಿಟ್ಟಳು.

"ಇನ್ನೇನ್ ಮಾಡ್ಲಿ, ನೀವೇ ಏಳಿ ಸಾ" ಅಂದಳು.

ಬೇಡವೆಂದು ಹೇಳಲು ನನ್ನ ಹತ್ತಿರ ಏನಿತ್ತು? ಇಷ್ಟು ವರ್ಷದ ಸಿಡುಕು, ಕೂಗಾಟ, ಭಾಷಣ, ಅವಳ ಆ ಒಂದು ಪ್ರಶ್ನೆಗೆ ಒಂದೂ ಕೆಲಸಕ್ಕೆ ಬರಲಿಲ್ಲ.

ಎರಡು ದಿನ ಬಿಟ್ಟು ತಾಯಿ ಮಗಳು ಬೆಳಿಗ್ಗೆಯೇ ಬಂದರು. ಹುಡುಗಿ ಕಾಲೇಜಿಗೆ ಹಾಕುತ್ತಿದ್ದ ಚೂಡಿದಾರವನ್ನೇ ಹಾಕಿಕೊಂಡಿದ್ದಳು, ಬ್ಯಾಗು ಮಾತ್ರ ಇರಲಿಲ್ಲ. ಮದ್ದೂರಿನ ಬಸ್ಸು ನಾಲೆ ಸೇತುವೆಯ ಹತ್ತಿರ ನಿಂತು ಹಾರ್ನ್ ಹೊಡೆಯಿತು. ಡ್ರೈವರನಿಗೆ ದಿನಾ ಅವಳಿಗಾಗಿ ಅರೆಗಳಿಗೆ ಕಾಯುವ ಅಭ್ಯಾಸ. ಹುಡುಗಿ ಆ ಕಡೆ ತಿರುಗಲಿಲ್ಲ. ಬಸ್ಸು ಹೋಯಿತು.

ತಾಯಿ ಅವಳನ್ನು ಬೋರ್ಡಿನ ಕೆಳಗೆ ನಿಲ್ಲಿಸಿದಳು. ಇನ್ನೊಸಿ ಈಚೆಗೆ ಬಾ, ಅಕ್ಷರ ಮುಚ್ಚೋಯ್ತದೆ, ಅಂತ ಭುಜ ಹಿಡಿದು ಸರಿಸಿದಳು. ತೋಳು ಮುಚ್ಚುತ್ತಿದ್ದ ದುಪಟ್ಟಾ ತೆಗೆಸಿ ತನ್ನ ಕೈಯಲ್ಲಿ ಇಟ್ಟುಕೊಂಡಳು. ಆಮೇಲೆ ಮಗಳ ಎರಡು ತೋಳನ್ನೂ ಒಂದೊಂದಾಗಿ ಎತ್ತಿ ನೋಡಿದಳು, ಹಿಂದೆ ಮುಂದೆ ತಿರುಗಿಸಿ. ಏನೂ ಇರಲಿಲ್ಲ. ಹುಡುಗಿ ಫೋನನ್ನು ಮುಖದ ಮುಂದೆ ಎತ್ತಿದಳು.

ನಾನು ಹುಡುಗಿಯ ಹಿಂದೆ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಜೇಬಿನ ಮೇಲೆ ಸಂಘದ ಬ್ಯಾಡ್ಜಿತ್ತು, ದಿನಾ ಇರುವಂಥದ್ದೇ. ಅವಳು ಮಗಳ ಫೋನನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು.

"ಸಾ, ತಪ್ಪು ತಿಳ್ಕಬ್ಯಾಡಿ. ಒಸಿ ಒಳೀಕ್ ಓಯ್ತೀರಾ? ಫೋಟೋದಲ್ಲಿ ನೀವೂ ಬತ್ತಾ ಇದ್ದೀರಿ."

ನಾನು ಒಳಗೆ ಹೋದೆ.