ಟೆಂಡರಿನಲ್ಲಿ ಬರೆಯದ ಸಾಲು

ಇಂಜಿನಿಯರ್ ಸಾಹೇಬರು ಕಲ್ಲನ್ನು ನಾಲಿಗೆಯಿಂದ ಪರೀಕ್ಷಿಸುತ್ತಿದ್ದರು. ನೆಲಕ್ಕೆ ಹಾಸುವ ಫರಸಿಯ ಮುರಿದ ಅಂಚಿಗೆ ನಾಲಿಗೆಯ ತುದಿ ಒತ್ತುವರು. ಅಂಟಿದರೆ ಅದು ನೀರು ಕುಡಿಯುವ ಕಲ್ಲು, ಬೇಡ. ಗಡ್ಡಕ್ಕೆ ಬೂದು ಪುಡಿ ಹತ್ತಿರುತ್ತಿತ್ತು. ಗಡ್ಡ ಆಗಲೇ ನರೆತಿತ್ತೋ, ಪುಡಿಯಿಂದ ಹಾಗೆ ಕಂಡಿತೋ, ಈಗ ಹೇಳಲಾರೆ.

ಭಂಕೂರಿನಲ್ಲಿ ನನ್ನದೊಂದು ಫರಸಿ ಪಾಲಿಶ್ ಮಾಡುವ ಶೆಡ್ಡು. ಹನ್ನೊಂದು ಜನ ಕೆಲಸವಿಲ್ಲದೆ ಕೂತಿದ್ದರು. ಚಿಂಚೋಳಿಯಲ್ಲಿ ಆಸ್ಪತ್ರೆಯ ಅಂಗಳಕ್ಕೆ ಕಲ್ಲು ಹಾಸುವ ಟೆಂಡರ್ ಬರಲಿದೆಯೆಂದು ತಿಳಿದು ಅಲ್ಲಿನ ಇಂಜಿನಿಯರ್ ಸಾಹೇಬರ ಕಚೇರಿಗೆ ಓಡಿದೆ. ತೆಲಂಗಾಣದವನೊಬ್ಬ ಕಡಿಮೆ ದರ ಹಾಕುತ್ತಾನೆಂಬ ಭಯ.

"ಸಾಹೇಬರ, ಒಂದೇ ಸಾಲು ಹಾಕ್ರಿ. ನಮ್ಮ ರಾಜ್ಯದಾಗ ಕೆಲಸ ಮಾಡಿದವ್ರಿಗಷ್ಟೇ ಅಂತ."

ಇಂಥ ಬೇಡಿಕೆ ತಂದವರನ್ನೆಲ್ಲ ಅವರು ತಮ್ಮ ಕುರ್ಚಿಯಲ್ಲಿ ಕೂರಿಸುತ್ತಿದ್ದರಂತೆ. ನನ್ನನ್ನೂ ಕೂರಿಸಿ, ತಾವು ಎದುರಿನ ಬೆಂಚಿನಲ್ಲಿ ಕೈಕಟ್ಟಿ ಕುಳಿತರು.

"ಈಗ ನೀ ಸಾಹೇಬ. ನಾ ಗಡಿ ಆಚೀಂದ ಬಂದಾವ. ನನ್ನ ಕಲ್ಲೂ ಚೊಲೋ ಅದ. ಯಾಕ ಬ್ಯಾಡಂತೀರಿ?"

"ನೀವು ಹೊರಗಿನವ್ರು."

"ನಮ್ಮೂರು ಇಲ್ಲಿಂದ ಹತ್ರ. ನಿಮ್ಮ ಭಂಕೂರೇ ದೂರ ಆಗ್ತದ ನೋಡ್ರಿ."

ಸಿಟ್ಟು ಬಂತು. "ನಮ್ಮ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ," ಅಂದೆ.

"ಹೊಟ್ಟಿ ಅವಂಗೂ ಅದನಪಾ," ಎಂದರು, ಮತ್ತೆ ಸಾಹೇಬರಾಗಿ.

ಆ ಸಾಲು ಬರಲಿಲ್ಲ. ಕೆಲಸ ತೆಲಂಗಾಣದವನಿಗೆ ಹೋಯಿತು. ಒಂದು ವರ್ಷ ನಾನು ಅವರಿಗೆ ನಮಸ್ಕಾರವನ್ನೂ ಮಾಡಲಿಲ್ಲ.

ನಿವೃತ್ತರಾದ ಮೇಲೆ ಅವರೇ ಫೋನ್ ಮಾಡಿದರು. ಗಡಿಯಾಚೆಯ ಒಂದು ಊರಿನ ಬಸ್ ನಿಲ್ದಾಣಕ್ಕೆ ಫರಸಿ ಬೇಕಾಗಿತ್ತು. "ತಮ್ಮ ರಾಜ್ಯದವ್ರಷ್ಟೇ ಅಂತ ಅಲ್ಲಿ ನೀ ಕೇಳಿದಂಥಾ ಸಾಲೇ ಹಾಕ್ಯಾರ. ಟೆಂಡರಿಗಿಂತ ಮೊದಲು ತಕರಾರು ಕೇಳೋ ಒಂದು ಸಭಾ ಅದ, ಹೋಗು. ನನಗ ಬೈದಂಗ ಅಲ್ಲಿ ಬೈಬ್ಯಾಡ. ನಾ ಕೇಳಿದ್ದನ್ನೇ ಕೇಳು."

ಹೋದೆ. ಕಲ್ಲು ಚೆನ್ನಾಗಿದ್ದರೆ ಯಾಕೆ ಬೇಡ ಎಂದು ಅರ್ಧ ತೆಲುಗು, ಅರ್ಧ ದಖನಿ ಉರ್ದುವಿನಲ್ಲಿ ಕೇಳಿದೆ. ಸಾಲು ತೆಗೆದರು. ನನ್ನ ಮಾತಿನಿಂದಲೋ, ಮೊದಲೇ ತೆಗೆಯುವವರಿದ್ದರೋ ಗೊತ್ತಿಲ್ಲ. ನೆನಪು ನನ್ನನ್ನೇ ದೊಡ್ಡವನನ್ನಾಗಿ ಮಾಡಲು ನೋಡುತ್ತದೆ, ನಾನು ನಂಬುವುದಿಲ್ಲ. ಕೆಲಸ ಸಿಕ್ಕಿತು, ಯಂತ್ರಗಳು ತಿರುಗಿದವು. ಅಷ್ಟು ಖಂಡಿತ.

ಹೋದ ವರ್ಷ ಸಾಹೇಬರು ತೀರಿಕೊಂಡರು. ಈಚೆಗೆ ನಮ್ಮ ಗುತ್ತಿಗೆದಾರರ ಸಂಘದ ಅಧ್ಯಕ್ಷ ಒಂದು ಅರ್ಜಿ ತಂದ: ಹೊರರಾಜ್ಯದವರಿಗೆ ಟೆಂಡರ್ ಬೇಡ. ನಾನು ಸಹಿ ಹಾಕಲಿಲ್ಲ.

"ನೀ ಯಾರ ಕಡ್ಯಾವಲೇ?" ಎಂದ.

"ಗಡಿ ಆಚೆ ಒಂದು ಸರಕಾರಿ ಶಾಲಿ ಅಂಗಳದ ಟೆಂಡರ್ ಅದ. ನೀನೂ ಹಾಕು."

"ನಮ್ಮನ್ನ ತಗೋತಾರೇನು?"

"ನನ್ನ ತಗೊಂಡ್ರಲ್ಲ."

ಅವನು ಅರ್ಜಿಯನ್ನು ಅಂಗಿಯ ಜೇಬಿಗೆ ತುರುಕಿದ. ಹರಿಯಲಿಲ್ಲ, ಅದು ನಿಜ. ಬಾಗಿಲವರೆಗೆ ಹೋಗಿ ತಿರುಗಿ ನಿಂತ.

"ಆಚೆ ಹೋಗೋ ಬಸ್ಸು ಎಷ್ಟು ಗಂಟೆಕ್ಕದ?"