ನೀರು ಕುಡಿಯುವ ಬಕೆಟ್ಟು

ಚಾಚಾನ ಬೆರಳ ಸಂದುಗಳಲ್ಲಿ ಉಪ್ಪು ಕಚ್ಚಿ ಸೀಳಿದ ಬಿಳಿ ಗೆರೆಗಳಿದ್ದವು. ಅದೇ ಬೆರಳುಗಳಿಂದ ಅವರು ದಿನಾ ಸಂಜೆ ಸಾಗವಾನಿಯ ಬಕೆಟ್ಟು ತೊಳೆಯುತ್ತಿದ್ದರು. ಎಲ್ಲರಿಗೂ ಚಾಚಾ, ನಮ್ಮ ಗಲ್ಲಿಯವರೇ. ಹುಮನಾಬಾದಿನಿಂದ ಮಾಣಿಕನಗರಕ್ಕೆ ಹೋಗುವ ದಾರಿಯಲ್ಲಿ ಅವರದು ಐಸ್‌ಕ್ರೀಮ್ ಗಾಡಿ. ಹಲಗೆ ಜೋಡಿಸಿ ಕಬ್ಬಿಣದ ಪಟ್ಟಿ ಬಿಗಿದ ಬಕೆಟ್ಟಿನಲ್ಲಿ ಬರ್ಫದ ಗಡ್ಡೆ, ಉಪ್ಪು; ನಡುವೆ ಹಾಲಿನ ಡಬ್ಬಿ; ಮೇಲೆ ತಿರುವುವ ಹಿಡಿಕೆ.

ಉಪ್ಪುನೀರು ಚೆಲ್ಲಿ ಮೂರು ಸಲ ಸಿಹಿನೀರು ಹಾಕುವರು. ತೆಂಗಿನ ನಾರಿನಿಂದ ತಿಕ್ಕುವುದಷ್ಟೇ, ಸೋಡಾಪುಡಿ, ಸಾಬೂನು ತಾಗಿಸುವಂತಿಲ್ಲ. ತಳದ ಸಂದಿಗೆ ಬೇವಿನ ಕಡ್ಡಿ. ಆಮೇಲೆ ನೆರಳಿನಲ್ಲಿ, ಎರಡು ಇಟ್ಟಿಗೆಯ ಮೇಲೆ ಬೋರಲು. ಬೆಳಿಗ್ಗೆ ಮತ್ತೆ ನೀರು ತುಂಬಿಬಿಟ್ಟರೆ ಮೊದಲು ಸೋರಿ, ಹಲಗೆ ಉಬ್ಬಿದ ಮೇಲೆ ನಿಲ್ಲುತ್ತಿತ್ತು. "ಕಟ್ಟಿಗಿಗೂ ನೀರಡಿಕಿ ಆಗ್ತದ ಬೇಟಿ" ಅನ್ನುತ್ತಿದ್ದರು.

ಇದನ್ನೆಲ್ಲ ನೋಡುತ್ತ ಅಪ್ಪ ತಾಸುಗಟ್ಟಲೆ ಅಲ್ಲಿ ಕೂರುತ್ತಿದ್ದ. ಅದೇ ನನಗೆ ಉರಿ. ಅಪ್ಪ ಶಾಲಾ ಮಾಸ್ತರ, ನನಗೆ ಚರ್ಚಾಸ್ಪರ್ಧೆ ಕಲಿಸಿದವನು. ನಾನು ಹೊರಗೆ ಮಳೆ ಎಂದರೂ ಪುರಾವೆ ಕೇಳುವವನು. ಬಸವಕಲ್ಯಾಣದಲ್ಲಿ ಮೊದಲ ಬಹುಮಾನ ಗೆದ್ದು ಬಂದ ದಿನ, ನನ್ನ ಎರಡನೇ ಅಂಶ ಸಡಿಲವಿತ್ತು ಎಂದಷ್ಟೇ ಹೇಳಿ, ಚಪ್ಪಲಿ ಮೆಟ್ಟಿ ಚಾಚಾನ ಹತ್ತಿರ ಹೋದ. ಅವರು ಏನೇ ಹೇಳಲಿ, ಗೋಣು ಹಾಕುತ್ತಿದ್ದ. ಕಟ್ಟಿಗೆಗೆ ನೀರಡಿಕೆಯಂತೆ. ಅದಕ್ಕೂ ಗೋಣು.

ಹತ್ತನೇ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಚಾಚಾ ಮದುವೆಗೆಂದು ಐದು ದಿನ ಮಂಠಾಳಕ್ಕೆ ಹೊರಟರು. ಬಕೆಟ್ಟು ನನ್ನ ಕೈಗೆ ಕೊಟ್ಟು, ನೆರಳಲ್ಲಿಡು, ಎರಡೂ ಹೊತ್ತು ನೀರು ಹಾಕು ಎಂದರು. ಒದ್ದೆ ಕಟ್ಟಿಗೆ ಕೊಳೆಯುತ್ತದೆ ಎಂಬುದು ನನ್ನ ವಾದ. ಅಪ್ಪನ ಮುಂದೆ ಸಾಬೀತು ಮಾಡಲು ಇದಕ್ಕಿಂತ ಒಳ್ಳೆಯ ಅವಕಾಶ ಎಲ್ಲಿ ಸಿಗಬೇಕು? ಸೋಡಾ ಹಾಕಿ ತಿಕ್ಕಿ ಮಾಳಿಗೆಯ ಬಿಸಿಲಿಗಿಟ್ಟೆ. ಐದನೇ ದಿನ ಎತ್ತಿದರೆ ಕಬ್ಬಿಣದ ಪಟ್ಟಿಗಳು ಜಾರಿ ಬಿದ್ದವು, ತಳ ಕಳಚಿತು, ಹಲಗೆಗಳು ಸುತ್ತ ಚೆಲ್ಲಿದವು.

ಅಪ್ಪ ಪೇಪರು ತಿದ್ದಲು ಹೋಗಿದ್ದ. ಚಾಚಾ ಬರುವಷ್ಟರಲ್ಲಿ ನಾನು ಮೂರು ಸಮರ್ಥನೆ ಸಿದ್ಧಮಾಡಿಕೊಂಡಿದ್ದೆ. ಅವರು ಒಂದನ್ನೂ ಕೇಳಲಿಲ್ಲ. ಹಲಗೆಗಳನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ ಒಯ್ದರು. ಸಂಜೆ ಅಪ್ಪನಿಗೆ ಹೇಳಿದ್ದೇ ಬೇರೆ. "ಮುಂಜಾನೆ ಬಂದು ಬಕೇಟ್ ಒಯ್ದೆ ಮಾಸ್ತರ್ರ. ಬಿಸಿಲಾಗ ಇಟ್ಟು ಮರ್ತೆ. ನಂದೇ ಗಲತಿ."

ಒಂದು ಹೊತ್ತಿನ ಬಿಸಿಲಿಗೆ ಬಕೆಟ್ಟು ಕಳಚುತ್ತದೆಯೇ? ಇದನ್ನೇ ನಾನು ಹೇಳಿದ್ದರೆ ಅಪ್ಪ ಪುರಾವೆ ಕೇಳದೆ ಬಿಡುತ್ತಿದ್ದನೆ? ಅವನು ನನ್ನ ಕಡೆ ತಿರುಗಿ, "ನೋಡು, ತಪ್ಪ ಹಿಂಗ ಒಪ್ಕೋಬೇಕು. ನೀ ಆಗಿದ್ರ ಹತ್ತ ಮಿನಿಟ ಭಾಷಣಾ ಮಾಡ್ತಿದ್ದಿ" ಎಂದ.

ಮರುದಿನ ಚಾಚಾ ಹಲಗೆ ಜೋಡಿಸಲು ಕರೆದರು. ನಾನು ಸುತ್ತಲೂ ಒತ್ತಿ ಹಿಡಿದೆ. ಅವರು ಹಗ್ಗ ಬಿಗಿದು, ಪಟ್ಟಿ ಬಡಿದು ಏರಿಸಿದರು. ಸುಳ್ಳು ಯಾಕೆ ಹೇಳಿದಿರಿ ಎಂದು ಕೇಳಿದೆ.

"ಮಾಸ್ತರ್ ಬೈತಿದ್ರು, ನೀ ಜವಾಬ್ ಕೊಡ್ತಿದ್ದಿ. ಅಷ್ಟೊತ್ತನಕ ಹಲಗಿ ಇನ್ನೂ ಒಣಗ್ತಿದ್ದವು. ಮಾತ ಬಿಡು, ಗಟ್ಟಿ ಹಿಡಿ."

ಮೂರು ದಿನ ನೀರಿನ ಟಾಕಿಯಲ್ಲಿ ಮುಳುಗಿಸಿಟ್ಟ ಮೇಲೆ ಬಕೆಟ್ಟು ಒಂದು ಹನಿ ಸೋರಲಿಲ್ಲ. ನನ್ನಲ್ಲಿ ಕೃತಜ್ಞತೆ ಹುಟ್ಟಬೇಕಿತ್ತು. ಹುಟ್ಟಿದ್ದು ಇನ್ನಷ್ಟು ಹೊಟ್ಟೆಕಿಚ್ಚು. ವಾದವೂ ಅವರ ಪಾಲಾಯಿತು, ಅಪ್ಪನೂ.

ಚಾಚಾ ತೀರಿಕೊಂಡಾಗ ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದೆ. ನಲವತ್ತನೆಯ ದಿನದ ಊಟ ಮುಗಿಸಿ ಬಂದು ಅಪ್ಪ ಕಟ್ಟೆಯ ಮೇಲೆ ಕೂತ. ನಾನು ಎಲ್ಲ ಹೇಳಿಬಿಟ್ಟೆ. ಸೋಡಾ, ಮಾಳಿಗೆ, ಐದು ದಿನದ ಬಿಸಿಲು, ಚಾಚಾ ಹೇಳಿದ ಸುಳ್ಳು.

ಅಪ್ಪ ಅಡ್ಡಡ್ಡ ತಲೆಯಾಡಿಸಿದ.

"ಹೋದವ್ರ ಮ್ಯಾಲ ಸುಳ್ಳ ಹಾಕಬ್ಯಾಡವಾ. ಅವ್ರು ಸುಳ್ಳ ಹೇಳವ್ರಲ್ಲ."

ನಾನು ಪುರಾವೆ ಕೊಟ್ಟೆ, ತರ್ಕ ಹೂಡಿದೆ. ಅವನು ಒಪ್ಪಲಿಲ್ಲ. ಚಾಚಾನ ಮಾತಿಗಿದ್ದ ಆ ನಂಬಿಕೆ ನನ್ನ ಯಾವ ಮಾತಿಗೂ ಇನ್ನೂ ದಕ್ಕಿಲ್ಲ. ಚಾಚಾ ನನಗಾಗಿ ಹೇಳಿದ ಒಂದೇ ಒಂದು ಸುಳ್ಳಿನ ಋಣವನ್ನು, ತಪ್ಪು ನನ್ನದೆಂದು ಒಪ್ಪಿಕೊಂಡು ತೀರಿಸಲು ಅಪ್ಪ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.